ಅಣ್ಣನ ಚಿತ್ರಕ್ಕೆ ಕಣ್ಣು ತೆರೆಸಿದ್ದು

ನಮ್ಮ ಮನೆಯಲ್ಲಿ ಮನುಷ್ಯರನ್ನು ನೋಡುವುದಕ್ಕೂ ಒಂದು ಸಾಮಾನು ಬೇಕಿತ್ತು. ಅದಕ್ಕೆ ನಾವು ಜಾಳಿ ಅನ್ನುತ್ತಿದ್ದೆವು. ಬರೆಯುವ ಕಲ್ಲು ಒಡೆದುಹೋದ ಪಾಟಿಯ ಕಟ್ಟಿಗೆಯ ಚೌಕಟ್ಟಿಗೆ ಅಪ್ಪ ಸುತ್ತಲೂ ಸಣ್ಣ ಮೊಳೆ ಹೊಡೆದು, ಕರಿ ದಾರವನ್ನು ಅಡ್ಡಡ್ಡ ಉದ್ದುದ್ದ ಬಿಗಿದು ಕಟ್ಟಿದ್ದ. ಒಂದೊಂದು ಚೌಕದಲ್ಲಿ ಒಂದು ಹುಣಿಸೆ ಬೀಜ ಕೂಡುವಷ್ಟು ಜಾಗ. ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಈಚೆಗೆ ಗೇಣುದ್ದದ ಕೋಲು ನಿಲ್ಲಿಸಿ, ಕೋಲಿನ ತುದಿಗೆ ಒಂದು ಕಬ್ಬಿಣದ ವಾಶರ್ ಸಿಕ್ಕಿಸುತ್ತಿದ್ದ. ವಾಶರಿನ ತೂತಿಗೆ ಒಂದು ಕಣ್ಣು ಹಚ್ಚಿ ಇನ್ನೊಂದನ್ನು ಮುಚ್ಚಿದರೆ, ದಾರದ ಆಚೆ ಕೂತವರ ಹಣೆ ಒಂದು ಚೌಕದಲ್ಲಿ, ಮೂಗು ಇನ್ನೊಂದರಲ್ಲಿ, ಗದ್ದ ಮತ್ತೊಂದರಲ್ಲಿ ಕಾಣುತ್ತಿತ್ತು. ಕಾಗದದ ಮೇಲೂ ಪೆನ್ಸಿಲಿನಿಂದ ಅಷ್ಟೇ ಚೌಕ ಹಾಕಿಕೊಂಡು, ಯಾವ ಚೌಕದಲ್ಲಿ ಏನು ಕಂಡಿತೋ ಅದನ್ನು ಅದೇ ಚೌಕದಲ್ಲಿ ಇಳಿಸಿದರೆ ಚಿತ್ರ ತಯಾರು. ನೋಡುವವನ ಕಣ್ಣೂ ಅಲುಗಬಾರದು, ಕೂತವರೂ ಅಲುಗಬಾರದು. ಅಷ್ಟೇ ಅದರ ನಿಯಮ.

ಅಪ್ಪ ಭಾಲ್ಕಿ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನಕ್ಷೆ ತೆಗೆಯುವ ನೌಕರಿ ಇತ್ತು, ವರ್ಗವಾಗಿ ನಾಸಿಕ್‌ಗೆ ಬಂದಿದ್ದ. ಗೋದಾವರಿಯ ಘಾಟಿನಿಂದ ಸ್ವಲ್ಪ ಒಳಗೆ, ಒಂದು ಹಳೆಯ ವಾಡೆಯಲ್ಲಿ ನಮಗೆ ಎರಡು ಖೋಲಿ. ಹೊರಗಿನದರಲ್ಲಿ ಅಪ್ಪನ ಮೇಜು, ಒಂದು ಕಬ್ಬಿಣದ ಮಂಚ, ಗೋಡೆಯೊಳಗಿನ ದೇವರ ಜಗಲಿ. ಒಳಗಿನದರಲ್ಲಿ ಒಲೆ, ಜೋಳದ ಹಿಟ್ಟಿನ ಡಬ್ಬಿ, ಅವ್ವ. ನಡುವೆ ಎಲ್ಲರಿಗೂ ಸೇರಿದ ಕಲ್ಲಿನ ಅಂಗಳ, ಅದರ ಆಚೆ ವಾಡೆಯ ಒಡತಿ ಕಾಕು ಇದ್ದಳು. ಮರಾಠಿ ಮುದುಕಿ, ಒಳ್ಳೆಯವಳು, ಬಾಯಿ ಮಾತ್ರ ಬಜಾರು. ಆದಿತ್ಯವಾರ ಬಂದರೆ ಸಾಕು, ಅಪ್ಪ ಕಂಡದ್ದನ್ನೆಲ್ಲ ಜಾಳಿಯ ಮುಂದೆ ಇಡುತ್ತಿದ್ದ. ದಿಂಡೋರಿ ಕಡೆ ಕೆಲಸಕ್ಕೆ ಹೋದಾಗ ಒಮ್ಮೆ ದ್ರಾಕ್ಷಿಯ ಎಲೆ ತಂದು, ಇಡೀ ದಿನ ಕೂತು ಅದರ ಚಿತ್ರ ತೆಗೆದ. ಎಡಗಡೆಯಿಂದ ಶುರು ಮಾಡಿ ಬಲಕ್ಕೆ ಬರುವಷ್ಟರಲ್ಲಿ ಎಲೆ ಬಾಡಿಬಿಟ್ಟಿತ್ತು. ಅಪ್ಪ ಬಾಡಿದ್ದನ್ನು ಬಾಡಿದ ಹಾಗೆಯೇ ತೆಗೆದ. ಆ ಚಿತ್ರದಲ್ಲಿ ಎಲೆಯ ಅರ್ಧ ಬಿಗಿಯಾಗಿದೆ, ಅರ್ಧ ಜೋತುಬಿದ್ದಿದೆ. ಅವ್ವ ಅದನ್ನು ನೋಡಿ, ಒಂದೇ ಎಲೆ ಮುಂಜಾನೆ ಹುಟ್ಟಿ ಸಂಜೆಗೆ ಸತ್ತಿದೆ ಎಂದು ನಕ್ಕಳು. ಅಪ್ಪ ನಗಲಿಲ್ಲ. ಅವನ ಧರ್ಮ ಅದು. ಅಣ್ಣ ಚನ್ನು ಒಂದು ಸಲ ಮೇಜಿನ ಚಿತ್ರ ತೆಗೆದು ತೋರಿಸಿದಾಗ ಅಪ್ಪ ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ.

"ಇದಕ್ಕ ಎಷ್ಟು ಕಾಲು ಹಚ್ಚೀದಿ?"

"ನಾಕು. ಮ್ಯಾಜಿಗಿ ನಾಕ ಅಲ್ಲೇನು ಇರೂದು?"

"ಅದು ನಿಂಗ ಗೊತ್ತಿದ್ದದ್ದು. ನೀ ಕೂತಲ್ಲಿಂದ ಎಷ್ಟು ಕಾಣ್ಲಕತ್ಯಾವ?"

"ಮೂರು."

"ಮತ್ತ ಮೂರ ತೆಗಿ. ಗೊತ್ತಿದ್ದದ್ದು ತೆಗೀಬ್ಯಾಡ, ಕಂಡದ್ದು ತೆಗಿ."

ಅವ್ವ ಜಾಳಿಯ ಮುಂದೆ ಕೂಡುತ್ತಿರಲಿಲ್ಲ. ಕೂತರೂ ಮೂಗು ಮುಗಿಯುವಷ್ಟರಲ್ಲಿ ಎದ್ದು, ರೊಟ್ಟಿ ಹೊತ್ತುತ್ತದೆ ಎಂದು ಒಳಗೆ ಓಡುತ್ತಿದ್ದಳು. ಅಪ್ಪನ ಹಳೆಯ ಕಾಗದಗಳಲ್ಲಿ ಅವ್ವನ ಹಣೆ, ಅವ್ವನ ಒಂದು ಕಿವಿ, ಅವ್ವನ ಅರ್ಧ ಮುಖ ಬೇಕಾದಷ್ಟಿವೆ. ಇಡೀ ಅವ್ವ ಎಲ್ಲೂ ಇಲ್ಲ. ಒಂದು ದಿನ ಅವಳು ರೊಟ್ಟಿ ಬಡಿಯುತ್ತಲೇ ಕೇಳಿದ್ದಳು.

"ಹೆಂಡ್ತಿ ಮಾರಿ ನೋಡ್ಲಿಕ್ಕಿ ದಾರ ಕಟ್ಟಬೇಕೇನ್ರಿ ನಿಮಗ? ಹಾಂಗ ನೋಡಿದ್ರ ಕಾಣಂಗಿಲ್ಲೇನು?"

ಅಪ್ಪನಿಗೆ ನಿಜವಾಗಿಯೂ ಹಾಗೆ ನೋಡಿದರೆ ಕಾಣುತ್ತಿರಲಿಲ್ಲ ಎಂದು ನನ್ನ ಅನುಮಾನ. ಜಾಳಿ ಇಲ್ಲದೆ ನೆನಪಿನಿಂದ ಒಂದು ಬೆಕ್ಕು ತೆಗೆ ಎಂದರೆ ಅಪ್ಪನ ಕೈ ನಿಂತುಬಿಡುತ್ತಿತ್ತು. ಚನ್ನುವನ್ನು ಕೂಡಿಸುವುದಂತೂ ಆಗದ ಮಾತು. ಅವನು ಊಟಕ್ಕೆ ಕೂತರೂ ಒಂದು ಕಾಲು ಅಂಗಳದಲ್ಲಿರುತ್ತಿತ್ತು. ನಿನ್ನ ಚಿತ್ರ ತೆಗೆಯಬೇಕೆಂದರೆ ನಿನ್ನನ್ನು ಕಟ್ಟಿ ಕೂಡಿಸಬೇಕು ಎಂದು ಅಪ್ಪ ಬೈಯುತ್ತಿದ್ದ. ಉಳಿದವಳು ನಾನು. ನಾನು ಕೂಡುತ್ತಿದ್ದೆ. ಆದರೆ ಅಪ್ಪ ನನ್ನ ಚಿತ್ರ ತೆಗೆಯುವ ಗೋಜಿಗೆ ಹೋಗಲಿಲ್ಲ. ಕೈಗೆ ಸಿಕ್ಕುವುದರ ಮೇಲೆ ಯಾರಿಗೆ ಆಸೆ?

ಚನ್ನುವಿಗೆ ಜಾಳಿ ಬೇಸರ. ಅವನದು ಬೇರೆ ಸಾಮಾನು. ಬೂಟಿನ ರಟ್ಟಿನ ಡಬ್ಬಿಗೆ ಒಂದು ಕಡೆ ತೂತು ಕೊರೆದು, ಅಪ್ಪನ ಒಡೆದ ಚಾಳೀಸಿನ ಒಂದು ಗಾಜನ್ನು ಅಂಟಿಸಿ, ಹಿಂದಿನ ಕಡೆ ಎಣ್ಣೆ ಸವರಿದ ತೆಳ್ಳನೆ ಕಾಗದ ಹಚ್ಚಿದ್ದ. ಮೈಮೇಲೆ ಕೌದಿ ಹೊದ್ದು ಕತ್ತಲು ಮಾಡಿಕೊಂಡು ಆ ಕಾಗದ ನೋಡಿದರೆ ಅಂಗಳವೆಲ್ಲ ಅದರ ಮೇಲೆ ಇಳಿಯುತ್ತಿತ್ತು, ಬಣ್ಣ ಸಮೇತ, ತಲೆಕೆಳಗಾಗಿ. ಕಾಕು ಬಕೆಟ್ಟು ಹಿಡಿದು ತಲೆಕೆಳಗಾಗಿ ನಡೆದು ಹೋಗುತ್ತಿದ್ದಳು, ನೀರು ಚೆಲ್ಲುತ್ತಿರಲಿಲ್ಲ. ನಾವಿಬ್ಬರೂ ಕೌದಿಯೊಳಗೆ ಬೆವರುತ್ತ ನಗುತ್ತಿದ್ದೆವು. ಅದಕ್ಕೆ ಉಲ್ಟಾ ಡಬ್ಬಿ ಎಂದು ಅವನೇ ಹೆಸರಿಟ್ಟಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಅವ್ವನನ್ನು ಎಳೆದು ತಂದು ಕೌದಿಯೊಳಗೆ ಕೂಡಿಸಿ, ತಾನು ಅಂಗಳಕ್ಕೆ ಓಡಿಹೋಗಿ ಬಿಸಿಲಲ್ಲಿ ಕುಣಿದ. ಅವ್ವ ಒಳಗೆ ನಗುವುದು ಹೊರಗೆ ನಿಂತ ನನಗೆ ಕೇಳುತ್ತಿತ್ತು. ಬಹಳ ಹೊತ್ತು ನೋಡಿದಳು. ಕೌದಿ ಸರಿಸಿ ಹೊರಗೆ ಬಂದಾಗ ಕಣ್ಣಲ್ಲಿ ನೀರು, ಸೆರಗು ಬಾಯಿಗೆ.

"ಎಷ್ಟು ಛಂದ ಕಾಣ್ತೀಯೋ ನನ್ನಪ್ಪ! ನೋಡ್ಲಿಕ್ಕಿ ಎರಡು ಕಣ್ಣು ಸಾಲಂಗಿಲ್ಲ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ನಮ್ಮಲ್ಲಿ ಮಕ್ಕಳನ್ನು ಹಾಗೆ ಬಾಯಿಬಿಟ್ಟು ಹೊಗಳುವುದಿಲ್ಲ, ನೆದರು ತಾಕುತ್ತದೆ, ದೃಷ್ಟಿಯಾಗುತ್ತದೆ. ಆವತ್ತು ಸಂಜೆ ಅವನನ್ನು ಬಾಗಿಲಿಗೆ ಮುಖ ಮಾಡಿ ಕೂಡಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ಇಳಿತೆಗೆದು ಒಲೆಗೆ ಹಾಕಿದಳು. ಹಾದಿಯಲ್ಲಿ ಹೋಗುವವರ ಕಣ್ಣು, ಬಂದವರ ಕಣ್ಣು ಎಂದೆಲ್ಲ ಹೆಸರು ಹೇಳುತ್ತ ಕೊನೆಗೆ ತನ್ನ ಕಣ್ಣನ್ನೂ ಸೇರಿಸಿದಳು. ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಘಾಟು ಬಂದರೆ ನೆದರು ಆಗಿಲ್ಲ ಎಂದರ್ಥವಂತೆ. ಮರುದಿನ ಚನ್ನುವಿಗೆ ಜ್ವರ ಬಂತು.

ಜ್ವರ ಇಳಿಯಲಿಲ್ಲ. ಡಾಕ್ಟರು ಬಂದರು, ದವಾಖಾನೆಗೆ ಒಯ್ದರು, ಮನೆಗೆ ತಂದರು. ಆ ವಾರದ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಬಟ್ಟಲಲ್ಲಿ ನೆನೆಸಿದ ಬಿಳಿ ಬಟ್ಟೆ, ಯಾರೂ ತಿನ್ನದ ರೊಟ್ಟಿ ಬುಟ್ಟಿಯಲ್ಲಿ ಗಟ್ಟಿಯಾದದ್ದು, ಇಷ್ಟೇ. ಒಂದು ಮುಂಜಾನೆ ಎದ್ದಾಗ ಹೊರಗಿನ ಖೋಲಿಯಲ್ಲಿ ಜನ ಇದ್ದರು. ಅಣ್ಣ ಹೋಗಿದ್ದ. ನಾನು ಅಳಬೇಕು ಎಂದುಕೊಂಡೆ. ಅಳು ಬರಲಿಲ್ಲ. ಹಲ್ಲು ಉಜ್ಜಿಕೊಂಡೆ.

ನಮ್ಮ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಕೈಯಲ್ಲಿ ಲಿಂಗ ಕೊಟ್ಟು ಗೋಡೆಗೆ ಆನಿಸಿ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಮನೆಯವರೆಲ್ಲ ಸುತ್ತ ಕೂತು ಫೋಟೊ ತೆಗೆಸುವುದು ವಾಡಿಕೆ. ನಮ್ಮ ಊರಿನ ಮನೆಗಳ ಗೋಡೆಯ ಮೇಲೆ ಅಂಥ ಫೋಟೊಗಳು ಮದುವೆಯ ಫೋಟೊಗಳ ಪಕ್ಕದಲ್ಲೇ ಇರುತ್ತವೆ. ಚನ್ನುವನ್ನೂ ಕೂಡಿಸಿದರು. ಬೆನ್ನಿಗೆ ಹಲಗೆ ಇಟ್ಟು, ತಲೆ ವಾಲದಂತೆ ಬಿಳಿ ಪಟ್ಟಿಯಿಂದ ಕಟ್ಟಿದ್ದರು. ಪಾಠಕ್ಕೆ ಕೂತು ನಿದ್ದೆ ಬಂದವನ ಹಾಗೆ ಇದ್ದ. ಅವನದೆಂದು ಹೇಳಿಕೊಳ್ಳಲು ಮನೆಯಲ್ಲಿ ಒಂದೇ ಫೋಟೊ ಇತ್ತು, ಶಾಲೆಯ ಗುಂಪಿನದು, ಅದರಲ್ಲಿ ಅವನ ಮುಖ ಕಡಲೆ ಕಾಳಿನಷ್ಟು. ಹಾಗಾಗಿ ಗಲ್ಲಿಯ ಸ್ಟುಡಿಯೊದವನಿಗೆ ಹೇಳಿ ಕಳಿಸಿದ್ದರು. ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದ, ಹೊಸಿಲಲ್ಲಿ ನಿಂತ, ಕೂತಿದ್ದ ಹುಡುಗನನ್ನು ನೋಡಿದ. ಅವನ ಕಡೆ ಹೀಗೆ ಕೂಡಿಸುವುದಿಲ್ಲ. ಕೈ ಜೋಡಿಸಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೋಗಿಬಿಟ್ಟ. ಭಾಲ್ಕಿಯಿಂದ ದೊಡ್ಡಪ್ಪ ಬರಬೇಕಿತ್ತು, ಅವನು ಬಾರದೆ ಎತ್ತುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲು ಬಾಗಿಲಿಂದ ಒಳಗೆ ಬಂದು ಚನ್ನುವಿನ ಮೊಣಕಾಲಿನವರೆಗೆ ಏರಿತ್ತು. ಆಗ ಅಪ್ಪ ಎದ್ದು ಮೇಜನ್ನು ಎಳೆದ.

ಜಾಳಿ ನಿಲ್ಲಿಸಿದ. ಕೋಲು ನಿಲ್ಲಿಸಿದ. ಕಾಗದಕ್ಕೆ ಚೌಕ ಹಾಕಿದ. ಅಪ್ಪ ವಾಶರಿಗೆ ಕಣ್ಣು ಹಚ್ಚಿ ಇನ್ನೊಂದು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ತೆರೆದ ಕಣ್ಣು ಒಣಗಿತ್ತು. ಇದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಕಟ್ಟಿ ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತ ಕಾಕು ತಡೆಯದೆ ಗಟ್ಟಿಯಾಗಿಯೇ ಅಂದಳು.

"ಹಾ ಬಾಪ ಆಹೆ ಕೀ ದಗಡ?"

ಇವನು ತಂದೆಯೋ ಕಲ್ಲೋ ಎಂದು. ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವನು ಕಿವಿಯ ಚೌಕ ಮುಗಿಸಿ ಕೆನ್ನೆಯ ಚೌಕಕ್ಕೆ ಬಂದ. ಅವ್ವ ಗೋಡೆಗೆ ತಲೆ ಆನಿಸಿ ಕೂತಿದ್ದಳು, ಬೇಡ ಅನ್ನಲಿಲ್ಲ. ಅಪ್ಪನ ಜಾಳಿಯ ಮುಂದೆ ಕೊನೆಯವರೆಗೆ ಅಲುಗದೆ ಕೂತವನು ಚನ್ನು ಒಬ್ಬನೇ. ದೊಡ್ಡಪ್ಪ ಬರುವಷ್ಟರಲ್ಲಿ ಚಿತ್ರ ಮುಗಿದಿತ್ತು.

ಅವನ ಹೆಸರಿನ ಗಣಾರಾಧನೆಯ ಊಟ ಮುಗಿಸಿ ನೆಂಟರೆಲ್ಲ ಊರಿಗೆ ಹೋದರು. ಮನೆಯಲ್ಲಿ ಮೂವರು ಉಳಿದೆವು. ಅವ್ವ ಅಡುಗೆ ಮಾಡುತ್ತಿದ್ದಳು, ಉಪ್ಪು ಹಾಕುತ್ತಿದ್ದಳೋ ಇಲ್ಲವೋ, ನಾವು ಕೇಳುತ್ತಿರಲಿಲ್ಲ. ಉಲ್ಟಾ ಡಬ್ಬಿಯನ್ನು ಅವಳೇ ಒಲೆಗೆ ಹಾಕಿದಳು, ಗಾಜು ಸಮೇತ. ಗಾಜು ಸಿಡಿದ ಸದ್ದಿಗೆ ನಾನು ಬೆಚ್ಚಿದೆ, ಅವಳು ಬೆಚ್ಚಲಿಲ್ಲ. ಆಮೇಲೆ ಒಂದು ಸಂಜೆ ಅಪ್ಪ ಚಿತ್ರಕ್ಕೆ ಚೌಕಟ್ಟು ಹಾಕಿಸುವ ಮಾತು ತೆಗೆದಾಗ ಅವಳು ಬಹಳ ದಿನದ ಮೇಲೆ ಬಾಯಿ ಬಿಟ್ಟಳು.

"ಕಣ್ಣು ತೆರಸ್ರಿ ಅವಂದು."

"ಅಂದ್ರ?"

"ಮುಚ್ಚಿದ ಕಣ್ಣು ಗ್ವಾಡಿ ಮ್ಯಾಲ ಹ್ಯಾಂಗ ಇಡ್ಲಿ? ಊರಾಗ ಫೋಟೊದವರು ತೆರಸ್ತಾರಲ್ಲ, ಹಾಂಗ ತೆರಸ್ರಿ."

"ನಂಗ ಬರಂಗಿಲ್ಲ ಅದು. ನಾ ಕಂಡಿದ್ದು ಅಷ್ಟ ತೆಗೀತೀನಿ."

"ಹತ್ತು ವರ್ಷ ಕಂಡಿಲ್ಲೇನ್ರಿ ಮಗನ ಕಣ್ಣ?"

ಊರ ಕಡೆಯ ಸ್ಟುಡಿಯೊಗಳಲ್ಲಿ ಇದು ಮಾಮೂಲು ಕೆಲಸ. ಸತ್ತವರ ಫೋಟೊದಲ್ಲಿ ರೆಪ್ಪೆಯ ಮೇಲೆ ಬಿಳಿ ಹಚ್ಚಿ, ನಡುವೆ ಕಪ್ಪು ಚುಕ್ಕೆ ಇಟ್ಟು ಕಣ್ಣು ತೆರೆಸಿಬಿಡುತ್ತಾರೆ. ಎಲ್ಲ ಹೆಣಗಳೂ ಒಂದೇ ಥರ ದಿಗಿಲುಬಿದ್ದು ನೋಡುತ್ತಿರುತ್ತವೆ. ಅಪ್ಪನಿಗೆ ಅದು ಸಾಧ್ಯವಿರಲಿಲ್ಲ. ಕೆಲವು ದಿನ ಸಂಜೆ ಕಚೇರಿಯಿಂದ ಬಂದು ಬೇರೆ ಕಾಗದದ ಮೇಲೆ ಕಣ್ಣು ತೆಗೆಯುತ್ತ ಕೂತ. ನೆನಪಿನಿಂದ ತೆಗೆದ ಕಣ್ಣುಗಳು ಮೀನಿನ ಹಾಗೆ, ಗೊಂಬೆಯ ಹಾಗೆ, ಯಾರ ಹಾಗೆಂದರೆ ಅವರ ಹಾಗೆ ಇದ್ದವು. ಚನ್ನುವಿನ ಹಾಗೆ ಒಂದೂ ಇರಲಿಲ್ಲ. ಮಗನ ಕಣ್ಣು ಹೇಗಿದ್ದವು ಎಂದು ತಂದೆಗೆ ನೆನಪಾಗುತ್ತಿಲ್ಲ ಎಂಬುದು ಆ ಮನೆಯಲ್ಲಿ ಮೂವರಿಗೂ ಗೊತ್ತಾಯಿತು.

ಅವ್ವ ಗುಡಿಗೆ ಹೋಗಿದ್ದ ಒಂದು ಆದಿತ್ಯವಾರ ಅಪ್ಪ ನನ್ನನ್ನು ಕರೆದು ಜಾಳಿಯ ಮುಂದೆ ಕೂಡಿಸಿದ. ಚನ್ನು ಕೂತಿದ್ದ ಜಾಗದಲ್ಲೇ, ಅದೇ ಗೋಡೆಗೆ ಬೆನ್ನು ಹಚ್ಚಿ.

"ನೀಲಾ, ಅಲುಗಬ್ಯಾಡ. ಕಣ್ಣು ಪಿಳುಕಸಬ್ಯಾಡ. ನನ್ನ ಕಡಿ ನೋಡು."

ನಾನು ನೋಡಿದೆ. ದಾರಗಳ ಆಚೆ, ವಾಶರಿನ ತೂತಿನೊಳಗೆ, ಅಪ್ಪನ ಒಂದು ಕಣ್ಣು. ಅಣ್ಣ ಹೋದ ಮೇಲೆ ನನ್ನನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನಗೆ ಮೈಯೆಲ್ಲ ಒಂದು ಥರ ಸುಖವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕಣ್ಣು ಉರಿದು ನೀರು ಬಂದಾಗ ಅಪ್ಪ ಪೆನ್ಸಿಲು ಕೆಳಗಿಟ್ಟು ಕಾಯುತ್ತಿದ್ದ, ಒರೆಸುತ್ತಿರಲಿಲ್ಲ. ಕೊನೆಗೆ ಎದ್ದು ಹೋಗಿ ಕಾಗದ ನೋಡಿದೆ. ನನ್ನ ಚಿತ್ರ ಇರುತ್ತದೆಂದು ತಿಳಿದಿದ್ದೆ. ಇದ್ದದ್ದು ಚನ್ನುವಿನ ಮುಖ. ಮುಚ್ಚಿದ ರೆಪ್ಪೆಗಳನ್ನು ರಬ್ಬರಿನಿಂದ ತಿಕ್ಕಿ ತೆಗೆದು, ಆ ಜಾಗದಲ್ಲಿ ನನ್ನ ಕಣ್ಣುಗಳನ್ನು ಇಟ್ಟಿದ್ದ. ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಸಣ್ಣದೊಂದು ಗೆರೆ ಹೆಚ್ಚು ಇದೆ, ಹುಟ್ಟಿನಿಂದ. ಕಂಡದ್ದನ್ನು ಬಿಡುವವನಲ್ಲವಲ್ಲ, ಅದನ್ನೂ ತೆಗೆದಿದ್ದ.

"ಅವ್ವಗ ಹೇಳಬ್ಯಾಡ."

"ಹೂಂ."

ನಾನು ಹೇಳಲಿಲ್ಲ. ಅವ್ವ ಬಂದು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಕೂತುಬಿಟ್ಟಳು. ಚೌಕಟ್ಟು ಹಾಕಿಸಿ ಜಗಲಿಯ ಪಕ್ಕಕ್ಕೆ ಕಟ್ಟಿದರು. ಮುಂದೆ ಬಂದ ನೆಂಟರೆಲ್ಲ ಥೇಟ್ ಚನ್ನು ಎಂದರು. ಮುಂಜಾನೆ ಮೊದಲ ಚಹಾ ಅದರ ಮುಂದೆ, ಹಬ್ಬದ ಹೋಳಿಗೆ ಅದರ ಮುಂದೆ. ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು ಅವ್ವ ಅದರ ಎದುರು ನಿಂತರೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಇನ್ನೂ ವಿಚಿತ್ರವೆಂದರೆ ಅಮಾವಾಸ್ಯೆಗೊಮ್ಮೆ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಚಿತ್ರದ ಗಾಜಿಗೆ, ಕೆನ್ನೆಯ ಹತ್ತಿರ, ಒಂದು ದೃಷ್ಟಿಬೊಟ್ಟು ಇಡುತ್ತಿದ್ದಳು. ಸತ್ತ ಹುಡುಗನಿಗೆ ಇನ್ನೆಲ್ಲಿಯ ದೃಷ್ಟಿ ಎಂದು ಕಾಕು ಅಂಗಳದ ಹೆಂಗಸರ ಹತ್ತಿರ ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ.

ನನ್ನನ್ನು ಅವ್ವ ನೋಡುವುದನ್ನು ಬಿಟ್ಟಳು. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಮನೆಯಲ್ಲಿ ದಿನಾ ಕಂಡದ್ದನ್ನು ಹೇಳುತ್ತಿದ್ದೇನೆ. ತಲೆ ಬಾಚುವಾಗ ಹೇಗೂ ಹಿಂದೆ ಕೂಡುತ್ತಿದ್ದಳು. ಬಡಿಸುವಾಗ ತಾಟು ನೋಡುತ್ತಿದ್ದಳು. ಮಾತಾಡುವಾಗ ನನ್ನ ಹೆಗಲ ಮೇಲಿನಿಂದ ಗೋಡೆ ನೋಡುತ್ತಿದ್ದಳು. ಜ್ವರ ಬಂದರೆ ರಾತ್ರಿಯೆಲ್ಲ ಕಾಲು ಒತ್ತುವಳು, ಮುಖ ಆಚೆ ತಿರುಗಿಸಿಕೊಂಡು. ಯಾರಾದರೂ ನಿಮ್ಮ ಹುಡುಗಿ ಲಕ್ಷಣವಾಗಿದ್ದಾಳೆ ಎಂದರೆ ಥಟ್ಟನೆ ಉತ್ತರ ಬರುತ್ತಿತ್ತು.

"ಎಲ್ಲೀದ್ರಿ, ಕರಿ ಮಂಗ್ಯಾ ಅದ ಅದು."

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇದೆ. ನಮ್ಮ ಮನೆಯ ಹೆಗ್ಗಣಕ್ಕೆ ಆ ಭಾಗ್ಯವೂ ಇರಲಿಲ್ಲ. ಅವ್ವ ಒಮ್ಮೆ ನನ್ನ ಮುಖ ನೋಡಲಿ ಎಂಬುದೊಂದೇ ಆಗ ನನಗೆ ಬೇಕಾಗಿದ್ದದ್ದು. ಅದಕ್ಕೆ ಏನೇನೋ ಮಾಡಿದೆ. ತರಗತಿಗೆ ಮೊದಲು ಬಂದೆ. ಮುಂಗೂದಲು ನಾನೇ ಕತ್ತರಿಸಿಕೊಂಡು ಕೋಡಗದ ಹಾಗೆ ಎದುರು ನಿಂತೆ. ಮನೆಯಲ್ಲಿ ಕನ್ನಡ ಬಿಟ್ಟು ಮರಾಠಿ ಆಡಿದೆ, ಕನಿಷ್ಠ ಬೈಯಲಿಕ್ಕಾದರೂ ನೋಡುತ್ತಾಳೆಂದು. ಅವಳು ಗೋಡೆಗೆ ಬೈದಳು. ಒಂದು ದಿನ ಚಿತ್ರದ ಎದುರು ಅವಳು ನಿಂತಿದ್ದಾಗ ನಡುವೆ ಹೋಗಿ ನಿಂತೆ. ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಗೋಡೆಯ ಮೇಲಿನ ಕಣ್ಣು ನನ್ನವು, ಅವು ನನ್ನವು ಎಂದು ಕೂಗಬೇಕೆನಿಸಿತು. ಅಪ್ಪನಿಗೆ ಕೊಟ್ಟ ಮಾತು ನೆನಪಾಯಿತು. ಆಮೇಲೆ ಮೆಲ್ಲಗೆ ಏನೂ ಅನಿಸದಾಯಿತು. ಕಾಲು ಜೋಮು ಹಿಡಿದಾಗ ನೋವೂ ಆಗುವುದಿಲ್ಲವಲ್ಲ, ಹಾಗೆ.

ಅಪ್ಪ ಜಾಳಿಯನ್ನು ಮತ್ತೆ ಮುಟ್ಟಲಿಲ್ಲ. ನಾನು ಎತ್ತಿಕೊಂಡೆ. ದಾರದ ಚೌಕದೊಳಗಿಂದ ನೋಡಿದರೆ ಯಾರ ಮುಖವೂ ನೋಯಿಸುವುದಿಲ್ಲ ಎಂದು ನಾನು ಕಂಡುಕೊಂಡದ್ದು ಆಗಲೇ. ಕಾಕುವಿನ ಬೊಚ್ಚು ಬಾಯಿ, ಘಾಟಿನ ಮೇಲೆ ಮುಡಿ ಕೊಟ್ಟವರ ಬೋಳು ತಲೆ, ಒಲೆಯ ಮುಂದೆ ಅವ್ವನ ಬೆನ್ನು, ಎಲ್ಲ ಬರೀ ಗೆರೆ. ಅಪ್ಪನಿಗೆ ಔರಂಗಾಬಾದಿಗೆ ವರ್ಗವಾಯಿತು, ಈಗ ಸಂಭಾಜಿನಗರ ಅನ್ನುತ್ತಾರೆ. ಮನಮಾಡದಲ್ಲಿ ಗಾಡಿ ಬದಲಿಸಿ ಹೋಗುವಾಗ ಉಳಿದ ಸಾಮಾನು ಲಗೇಜಿನಲ್ಲಿ, ಚಿತ್ರ ಅವ್ವನ ತೊಡೆಯ ಮೇಲೆ, ನಾನು ಕಿಟಕಿಯ ಪಕ್ಕ. ಔರಂಗಾಬಾದಿನಲ್ಲೇ ಓದಿದೆ. ಕಾಲೇಜೊಂದರಲ್ಲಿ ಕೀಟಗಳ, ಎಲೆ ರೋಗಗಳ ಚಿತ್ರ ತೆಗೆಯುವ ಕೆಲಸ ಸಿಕ್ಕಿತು. ಸೂಕ್ಷ್ಮದರ್ಶಕದ ಕೊಳವೆಗೆ ಹಚ್ಚಿದ ಒಂದು ಗಾಜು ಹುಳವನ್ನು ಕಾಗದದ ಮೇಲೆ ಬಿದ್ದ ಹಾಗೆ ತೋರಿಸುತ್ತದೆ, ಅದರ ಮೇಲೆ ಪೆನ್ಸಿಲು ಆಡಿಸಿದರಾಯಿತು. ನಿವೃತ್ತಿಯವರೆಗೆ ಅದನ್ನೇ ಮಾಡಿದೆ. ಮೇಡಮ್ಮಿಗೆ ಕೈ ನಡುಗುವುದೇ ಇಲ್ಲ ಎಂದು ಹುಡುಗರು ಹೊಗಳುತ್ತಿದ್ದರು. ಮದುವೆಯ ಮಾತು ಬಂದಾಗ ನೋಡಲು ಬಂದವರ ಮುಂದೆ ಕೂತು ಎದ್ದು ಬಂದೆ, ಎರಡೂ ಕಡೆಯವರಿಗೂ ಏನೂ ಅನಿಸಲಿಲ್ಲ. ಅಪ್ಪ ತೀರಿಕೊಂಡಾಗಲೂ ಅವನನ್ನು ಕೂಡಿಸಿದೆವು. ಆಗ ಎಲ್ಲರ ಕೈಯಲ್ಲೂ ಮೊಬೈಲಿತ್ತು, ಬೇಕಾದಷ್ಟು ಫೋಟೊ ತೆಗೆದರು. ಯಾರೂ ಕಣ್ಣು ತೆರೆಸಲು ಹೇಳಲಿಲ್ಲ.

ಅವ್ವ ನನ್ನ ಜೊತೆಗಿದ್ದಾಳೆ. ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು ಕೆಲವು ವರ್ಷವಾಯಿತು. ಚಿತ್ರದ ಮುಂದೆ ನಿಲ್ಲುವುದು ತಾನೇ ಕಡಿಮೆಯಾಯಿತು, ಕಾಣದಿದ್ದ ಮೇಲೆ ಏನು ನಿಲ್ಲುವುದು ಎಂದುಕೊಂಡೆ. ಬದಲಿಗೆ ನಾನು ಎಲ್ಲಿ ಕೂತರೆ ಅಲ್ಲಿಗೆ ಮುಖ ತಿರುಗಿಸತೊಡಗಿದಳು. ಊಟ ಮಾಡುವಾಗ, ಪೇಪರ್ ಓದುವಾಗ, ತರಕಾರಿ ಹೆಚ್ಚುವಾಗ ಅವಳ ಮುಖ ನನ್ನ ಕಡೆಗೇ. ಕಣ್ಣು ಹೋದವರು ಸದ್ದಿನ ಕಡೆ ತಿರುಗುತ್ತಾರೆ, ಅದರಲ್ಲೇನಿದೆ ಎಂದು ಬಿಟ್ಟೆ. ಪೊರೆ ತೆಗೆದು ಒಳಗೊಂದು ಸಣ್ಣ ಗಾಜು ಕೂಡಿಸಿದರೆ ಮೊದಲಿನ ಹಾಗೆ ಕಾಣುತ್ತದೆ ಎಂದು ಡಾಕ್ಟರು ಹೇಳಿದರು. ಅವ್ವ ಒಲ್ಲೆ ಎಂದಳು. ಒಮ್ಮೆ ತಲೆ ತಿರುಗುತ್ತದೆ ಎಂದಳು, ಇನ್ನೊಮ್ಮೆ ಶ್ರಾವಣ ಮುಗಿಯಲಿ ಎಂದಳು. ಮೊನ್ನೆ ಮುಂಜಾನೆ ನಾನು ಹಟ ಹಿಡಿದು ಆಟೋ ಕರೆಸಿದೆ. ಅವಳು ಮಂಚ ಹಿಡಿದುಕೊಂಡು ಏಳಲೇ ಇಲ್ಲ.

"ಯಾಕವ್ವ? ಅಂಜಿಕಿ ಬರ್ಲಕತ್ತದೇನು?"

"ಕತ್ರಿಗಿ ಅಂಜಾಕಿ ಅಲ್ಲ ನಾ."

"ಮತ್ತ ಯಾಕ ಒಲ್ಲಿ? ಕಣ್ಣು ಚೊಕ್ಕ ಕಾಣ್ತಾವ."

"ಚೊಕ್ಕ ಕಾಣೂದ ಬ್ಯಾಡ ನಂಗ." ಮಂಚ ಬಿಡದೆಯೇ ಮುಂದುವರಿಸಿದಳು. "ಈಗ ಈ ಕಣ್ಣಾಗ ಕಸುವಿಲ್ಲ ನೀಲಾ. ಮಂಜು ಮಂಜು ಅದ. ಎಷ್ಟು ನೋಡಿದ್ರೂ ನಿಂಗ ತಾಕಂಗಿಲ್ಲ. ಅವರು ಗಾಜು ಹಾಕಿ ಚೊಕ್ಕ ಮಾಡಿದ್ರಂದ್ರ ಮತ್ತ ನಾ ಗ್ವಾಡಿ ನೋಡ್ಕೋತ ಕೂಡಬೇಕು."

ನನಗೆ ಒಮ್ಮೆಲೇ ತಿಳಿಯಲಿಲ್ಲ. ಕೇಳಿದೆ. ಅವಳು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಹೇಳುವವಳ ಹಾಗೆ ಹೇಳಿದಳು. ಆ ದಿನ ಕೌದಿಯೊಳಗೆ ಕೂತು ಕಣ್ತುಂಬ ನೋಡಿ ಮಗನನ್ನು ತಾನೇ ತಿಂದುಕೊಂಡಳಂತೆ. ಹಡೆದವಳ ಕಣ್ಣಿನಷ್ಟು ಕೆಟ್ಟ ಕಣ್ಣು ಇನ್ನೊಂದಿಲ್ಲವಂತೆ. ಉಳಿದದ್ದು ಒಂದು ಕೂಸು, ಅದನ್ನು ನೋಡದೆ ಉಳಿಸಿಕೊಂಡಳಂತೆ.

"ಮತ್ತ ಆ ಚಿತ್ರ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ದಿನಾ ಅದರ ಮುಂದ ನಿಂತು..."

"ಅದರಾಗಿನ ಕಣ್ಣು ಯಾರವ?"

"ಗೊತ್ತಿತ್ತೇನು ನಿಂಗ?"

"ಹಡದಾಕಿಗಿ ಕೇಳ್ತೀ ಅಲ್ಲ. ಎಡಗಣ್ಣಿನ ಗೆರಿ ನಂಗ ಗೊತ್ತಾಗಂಗಿಲ್ಲೇನು? ಕಾಗದಕ್ಕ ನೆದರು ಆಗಂಗಿಲ್ಲ ಅಂತ ಅದರಾಗ ನಿನ್ನ ನೋಡ್ಕೋತಿದ್ದೆ. ಆದ್ರೂ ಜೀವ ತಡೀತಿದ್ದಿಲ್ಲ, ಒಂದು ಬೊಟ್ಟು ಇಡ್ತಿದ್ದೆ."

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಗೋಡೆಯ ಮೇಲಿನ ಚಿತ್ರ ಕಿತ್ತು ಒಗೆಯಬೇಕೆನಿಸಿತು. ಯಾವ ನೆದರು, ಯಾವ ಮೆಣಸಿನಕಾಯಿ, ಅವನಿಗೆ ಬಂದದ್ದು ಜ್ವರ ಅವ್ವ ಎಂದು ಕೂಗಬೇಕೆನಿಸಿತು. ಕೂಗಿದರೆ ಈ ವಯಸ್ಸಿನಲ್ಲಿ ಅವಳು ಏನು ಮಾಡಿಯಾಳು? ಇಷ್ಟು ವರ್ಷ ನೋಡದೆ ಇದ್ದದ್ದು ಸುಮ್ಮನೆ ಎಂದು ಅವಳಿಗೆ ತಿಳಿಸಿ ನನಗೆ ಏನಾಗಬೇಕು? ಕೈ ನಡುಗುತ್ತಿತ್ತು, ಎರಡೂ ಕೈ. ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಬಾಲ್ಕನಿಗೆ ಹೋಗಿ ಇವತ್ತು ಬರುವುದಿಲ್ಲ ಹೋಗಪ್ಪ ಎಂದು ಮರಾಠಿಯಲ್ಲಿ ಹೇಳಿದೆ. ಒಳಗೆ ಬಂದು ಖುರ್ಚಿಯನ್ನು ಮಂಚದ ಹತ್ತಿರ, ಮುಖದ ಮೇಲೆ ಕಿಟಕಿಯ ಬೆಳಕು ಬೀಳುವ ಹಾಗೆ, ಎಳೆದುಕೊಂಡು ಕೂತೆ.

"ನೋಡು."

ಅವ್ವ ಮುಂದಕ್ಕೆ ಬಾಗಿದಳು. ಬೂದಿ ಬಣ್ಣದ ಆ ಎರಡು ಕಣ್ಣು ನನ್ನ ಹಣೆಯಿಂದ ಶುರು ಮಾಡಿ ಮೆಲ್ಲಗೆ ಕೆಳಗಿಳಿದವು. ನನ್ನ ಕೆನ್ನೆ ಒದ್ದೆಯಾಗುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವಳ ತುಟಿ ಏನೋ ಅನ್ನಲು ತೆರೆಯಿತು, ಹೆದರಿ ಮುಚ್ಚಿತು, ಮತ್ತೆ ತೆರೆಯಿತು.

"ಏನ್ ಛಂದಿಲ್ಲ ಬಿಡು ನೀ," ಎಂದಳು ಅವ್ವ, ನೋಡುತ್ತಲೇ. "ಒಟ್ಟ ಛಂದಿಲ್ಲ."